ಕುಂಡಲಿ ಜೊತೆ ರಕ್ತದ ರಿಪೋರ್ಟೂ ಇರಲಿ: ಮನೆತನದ ಕಾಯಿಲೆ ತಿಳಿಯುವ ದಾರಿ

ನಮ್ಮ ಜಮಖಂಡಿ ಕಡೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಜೊತೆ ಓಣಿಗೆ ಬಂದು, ಕಟ್ಟೆ ಮೇಲೆ ಕೂತು, ಹೊತ್ತಿಗೆ ಬಿಚ್ಚಿ ನಮ್ಮ ಮನೆತನದ ಹೆಸರುಗಳನ್ನು ಏಳೆಂಟು ತಲೆಮಾರು ಹಿಂದಿನಿಂದ ಓದುತ್ತಿದ್ದರು. ಮುತ್ಯಾ ಜೋಳ ಅಳೆದು ಕೊಡುತ್ತಿದ್ದ. ಹೊಸದಾಗಿ ಹುಟ್ಟಿದ ಹುಡುಗರ ಹೆಸರು ಆ ಹೊತ್ತಿಗೆಗೆ ಸೇರುತ್ತಿತ್ತು. ಇಂಥ ಸಂಪತ್ತು ಬೇರೆ ಎಷ್ಟು ಕಡೆ ಇದೆಯೋ, ನನಗಂತೂ ಅದರ ಬಗ್ಗೆ ಬಹಳ ಹೆಮ್ಮೆ. ಆದರೆ ಅದರಲ್ಲಿ ಬರುತ್ತಿದ್ದುದು ಹೆಚ್ಚಾಗಿ ಗಂಡು ಸಾಲು. ಅವ್ವನ ತವರಿನ ಕಡೆಯವರು, ಹೆಸರಿಡುವ ಮೊದಲೇ ಹೋದ ಕೂಸುಗಳು, ಯಾರಿಗೆ ಏನು ಕಾಯಿಲೆ ಇತ್ತು ಅನ್ನೋದು, ಇವೆಲ್ಲ ಅದರಲ್ಲಿ ಇರಲಿಲ್ಲ. ನಮಗೆ ಬೇಕಾಗಿದ್ದು ಅದೇ ಆಗಿತ್ತು.

ನನ್ನ ತಂಗಿಯನ್ನು ಅವ್ವನ ಖಾಸಾ ತಮ್ಮನಿಗೇ ಕೊಟ್ಟೆವು. ಮೊದಲ ಗಂಡುಮಗು ಎಂಟು ತಿಂಗಳಿಗೆ ಬಿಳಿಚಿಕೊಂಡಿತು. ಹಾಲು ಕುಡಿಯುವಾಗಲೇ ಸುಸ್ತಾಗಿ ಬಾಯಿ ಬಿಡುತ್ತಿತ್ತು. ಒಂದು ದವಾಖಾನೆಯಲ್ಲಿ "ರಕ್ತ ಕಡಿಮೆ ಇದೆ" ಎಂದು ಕಬ್ಬಿಣದ ಟಾನಿಕ್ ಬರೆದರು. ಐದು ತಿಂಗಳು ಕುಡಿಸಿದೆವು. ಹೊಟ್ಟೆ ಉಬ್ಬುತ್ತ ಹೋಯಿತು, ಬಣ್ಣ ಬರಲಿಲ್ಲ. ಕೊನೆಗೆ ಬೇರೆ ಕಡೆ ತೋರಿಸಿದಾಗ ಗೊತ್ತಾಯಿತು: ಥಲಸೇಮಿಯಾ ಮೇಜರ್. ಮೈ ತನಗೆ ಬೇಕಾದಷ್ಟು ಒಳ್ಳೆಯ ರಕ್ತ ತಾನೇ ಮಾಡಿಕೊಳ್ಳಲಾಗದ, ಅಪ್ಪ ಅವ್ವನಿಂದ ಬರುವ ಕಾಯಿಲೆ ಇದು. ಅವನಿಗೆ ಈಗ ಹನ್ನೊಂದು ವರ್ಷ. ಮೂರು ವಾರಕ್ಕೊಮ್ಮೆ ಬಾಗಲಕೋಟೆಗೆ ಹೋಗಿ ರಕ್ತ ಹಾಕಿಸಬೇಕು.

ಮದುವೆಗೆ ಮುಂಚೆ ಇಬ್ಬರದೂ ಒಂದೊಂದು ಸಿರಿಂಜ್ ರಕ್ತ ಪರೀಕ್ಷೆ ಆಗಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜೀನ್ ಅಂದರೆ ಅಪ್ಪ ಅವ್ವನಿಂದ ಮಕ್ಕಳಿಗೆ ಬರುವ, ಮೈ ಹೇಗೆ ನಡೆಯಬೇಕು ಅನ್ನೋ ಸೂಚನೆ. ಜೀನ್ ಪರೀಕ್ಷೆ ಅಂದ ಕೂಡಲೇ ಜನ ದೊಡ್ಡ ಲ್ಯಾಬು, ದೊಡ್ಡ ಬಿಲ್ಲು ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಕೆಲಸ ಶುರುವಾಗೋದು ಮನೆಯಲ್ಲೇ, ಒಂದು ಹಾಳೆ, ಒಂದು ಪೆನ್ನಿನಿಂದ. ಆಮೇಲೆ ಅಗ್ಗದ ರಕ್ತ ಪರೀಕ್ಷೆ. ದೊಡ್ಡ ಪರೀಕ್ಷೆ ಬರೋದು ಅದಾದ ಮೇಲೆ, ಅದೂ ಬೇಕಾದವರಿಗೆ ಮಾತ್ರ. ಈ ಸಾಲು ತಪ್ಪಿದರೆ ದುಡ್ಡೂ ಹೋಗುತ್ತದೆ, ಸುಮ್ನೆ ಹೆದರಿಕೆಯೂ ಆಗುತ್ತದೆ.

ಮೊದಲ ಹೆಜ್ಜೆ: ಮನೆತನದ ಹಾಳೆ ಬರೆಯಿರಿ

ದೊಡ್ಡ ಹಾಳೆ ತೆಗೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು ಗುರುತು. ಗಂಡ ಹೆಂಡತಿ ನಡುವೆ ಒಂದು ಗೆರೆ. ಸಂಬಂಧದಲ್ಲೇ ಮದುವೆ ಆಗಿದ್ದರೆ ಎರಡು ಗೆರೆ. ಮಕ್ಕಳು ಕೆಳಗೆ, ಹುಟ್ಟಿದ ಕ್ರಮದಲ್ಲಿ. ತೀರಿಹೋದವರ ಮೇಲೆ ಓರೆ ಗೆರೆ. ಕಾಯಿಲೆ ಇದ್ದವರ ಗುರುತಿನೊಳಗೆ ಪೆನ್ಸಿಲ್‌ನಿಂದ ಬಣ್ಣ ತುಂಬಿ. ಪಕ್ಕದಲ್ಲಿ ಏನಾಗಿತ್ತು, ಎಷ್ಟನೇ ವಯಸ್ಸಿಗೆ ಅಂತ ಬರೆಯಿರಿ. ಮೂರು ತಲೆಮಾರು ಸಾಕು. ಅಪ್ಪನ ಕಡೆ, ಅವ್ವನ ಕಡೆ ಎರಡೂ ಬೇಕು. ಜೀನ್‌ಗಳು ಅರ್ಧ ಅಪ್ಪನಿಂದ, ಅರ್ಧ ಅವ್ವನಿಂದ ಬರುತ್ತವೆ, ಅಲ್ವಾ?

ಯಾರನ್ನು ಕೇಳಬೇಕು ಅನ್ನೋದು ಮುಖ್ಯ. ಗಂಡಸರಿಗೆ ಹೊಲ, ಕೋರ್ಟು, ಸಾಲ ಇವು ನೆನಪಿರುತ್ತವೆ. ಯಾವ ಕೂಸು ಯಾವಾಗ ಹೋಯಿತು ಅನ್ನೋದು ಗೊತ್ತಿರೋದು ಆಯಿಗಳಿಗೆ, ಅಂದರೆ ಅಜ್ಜಿಯರಿಗೆ. ಜಾತ್ರೆಗೋ ಪಂಚಮಿಗೋ ಎಲ್ಲರೂ ಕೂಡಿದಾಗ, ಊಟ ಆದ ಮೇಲೆ ಮೆಲ್ಲಗೆ ಕೇಳಿ.

ನಾನು ನಮ್ಮ ಆಯಿಯನ್ನು ಕೇಳಿದಾಗ ಮೊದಲ ಮಾತೇ, "ನಮ್ಮ ಬಳ್ಳ್ಯಾಗ ಅಂಥಾ ಜಡ್ಡು ಯಾರಿಗೂ ಇಲ್ಲೋ ತಮ್ಮಾ." ಸಿಟ್ಟಿನಿಂದ ಅಂದಿದ್ದಲ್ಲ, ಅಂಜಿಕೆಯಿಂದ ಅಂದಿದ್ದು. ಹೊರಗೆ ಗೊತ್ತಾದರೆ ಹೆಣ್ಣುಮಕ್ಕಳಿಗೆ ವರ ಸಿಗೋದಿಲ್ಲ ಅನ್ನೋ ಅಂಜಿಕೆ. ನಾನು ಹೆಸರು ಕೇಳೋದು ಬಿಟ್ಟು ಬಾಣಂತನಗಳ ಬಗ್ಗೆ ಕೇಳಿದೆ. ಆಗ ಒಂದೊಂದಾಗಿ ಬಂತು. ಆಯಿಗೆ ಒಟ್ಟು ಏಳು ಹೆರಿಗೆ ಆಗಿದ್ದವು, ನಾವು ಐದು ಅಂತಲೇ ತಿಳಿದಿದ್ದೆವು. ಒಂದು ಹೆಣ್ಣುಕೂಸು ವರ್ಷ ತುಂಬುವ ಮೊದಲೇ "ಬೆಳ್ಳಗಾಗಿ" ಹೋಗಿತ್ತು. ಆಯಿಯ ತಂಗಿಗೂ ಹಾಗೇ ಒಂದು. ಹಾಳೆ ಮೇಲೆ ಆ ಎರಡು ದುಂಡು ಗುರುತು ಹಾಕಿದಾಗ ಆಯಿ ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು. ಆ ಕೂಸುಗಳಿಗೆ ಏನಾಗಿತ್ತು ಅಂತ ಈಗ ಖಾತ್ರಿ ಹೇಳಲು ಆಗೋದಿಲ್ಲ. ಆದರೆ ಡಾಕ್ಟರಿಗೆ ಆ ಎರಡು ಗುರುತು ಬಹಳ ಹೇಳುತ್ತವೆ.

ಕೇಳಬೇಕಾದವು ಇವು: ಚಿಕ್ಕಂದಿನಲ್ಲೇ ಹೋದ ಮಕ್ಕಳು, ಮತ್ತೆ ಮತ್ತೆ ಆದ ಗರ್ಭಪಾತ, ಪದೇ ಪದೇ ರಕ್ತ ಹಾಕಿಸಿಕೊಂಡವರು, ಹುಟ್ಟಿನಿಂದ ಕಿವಿ ಕೇಳದವರು, ಚೆನ್ನಾಗಿ ನಡೆಯುತ್ತಿದ್ದು ಆಮೇಲೆ ಕಾಲು ಸೋತ ಗಂಡುಹುಡುಗರು, ಗಾಯವಾದರೆ ರಕ್ತ ನಿಲ್ಲದವರು, ಬುದ್ಧಿ ಬೆಳವಣಿಗೆ ನಿಧಾನ ಇದ್ದವರು. ದೊಡ್ಡವರಲ್ಲಿ 50 ವರ್ಷದೊಳಗೆ ಎದೆಯ ಅಥವಾ ಅಂಡಾಶಯದ ಕ್ಯಾನ್ಸರ್ ಆದವರು, ಚಿಕ್ಕ ವಯಸ್ಸಿಗೇ ಎದೆ ಹಿಡಿದು ಹಠಾತ್ತನೆ ಹೋದವರು, ಸಕ್ಕರೆ ಕಾಯಿಲೆ ಇದ್ದವರು. ಸಿಕ್ಕಷ್ಟು ಬರೆಯಿರಿ. ಗೊತ್ತಿಲ್ಲದ ಕಡೆ ಪ್ರಶ್ನೆ ಗುರುತು ಹಾಕಿ ಬಿಡಿ.

ಎರಡನೇ ಹೆಜ್ಜೆ: ಸಂಬಂಧದ ಮದುವೆಯ ಲೆಕ್ಕ ಸರಿಯಾಗಿ ತಿಳಿಯಿರಿ

ಸೋದರಮಾವ, ಅತ್ತೆಯ ಮಗ, ಮಾವನ ಮಗಳು. ನಮ್ಮಲ್ಲಿ ಕಳ್ಳುಬಳ್ಳಿ ಬಿಟ್ಟು ಹೋಗಬಾರದು ಅಂತ ಮಾಡುವ ಮದುವೆಗಳು ಇವು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 27 ಜನ ರಕ್ತಸಂಬಂಧದಲ್ಲೇ ಮದುವೆಯಾದವರು. ಇಡೀ ದೇಶದ ಸರಾಸರಿ ನೂರಕ್ಕೆ 11.

ಇದರಲ್ಲಿ ತೊಂದರೆ ಎಲ್ಲಿ? ನಮ್ಮ ದೇಹದಲ್ಲಿ ಸುಮಾರು 20 ಸಾವಿರ ಜೀನ್‌ಗಳಿವೆ. ಬಹುಪಾಲು ಜೀನ್‌ಗಳು ಜೋಡಿಯಾಗಿರುತ್ತವೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಹೀಗೆ ಒಂದೆರಡು ಕೆಟ್ಟ ಜೀನ್ ಇಟ್ಟುಕೊಂಡು ಆರೋಗ್ಯವಾಗಿಯೇ ಇರುವವರು ನಾವೆಲ್ಲ. ಇಂಥವರನ್ನು ಕ್ಯಾರಿಯರ್ ಅಥವಾ ವಾಹಕ ಅನ್ನುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಕೆಟ್ಟಿದ್ದು, ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲಿ ಒಂದು ಪಾಲು ಜೀನ್ ಒಂದೇ ಇರುತ್ತದೆ. ಅತ್ತೆ-ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು. ಅದಕ್ಕೇ ಒಂದೇ ಕೆಟ್ಟ ಜೀನ್ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ.

ಹೆದರಿಸಲು ಹೇಳುತ್ತಿಲ್ಲ. ಯಾವ ಸಂಬಂಧವೂ ಇಲ್ಲದ ದಂಪತಿಗೆ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದಾಗ ಅದು ಹೆಚ್ಚುಕಡಿಮೆ ಎರಡು ಪಟ್ಟು. ಸೋದರಮಾವನ ಮದುವೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಹಾಗೆ ನೋಡಿದರೆ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಆದ್ದರಿಂದ "ನಮ್ಮ ದೊಡ್ಡಪ್ಪ ಅಕ್ಕನ ಮಗಳನ್ನೇ ಮಾಡಿಕೊಂಡ, ಮಕ್ಕಳೆಲ್ಲ ಗಟ್ಟಿಮುಟ್ಟು" ಅನ್ನೋದೂ ನಿಜ, ನನ್ನ ತಂಗಿಯ ಮನೆಯಲ್ಲಿ ಆದದ್ದೂ ನಿಜ.

ಇನ್ನೊಂದು ಮಾತು. ಸಂಬಂಧ ಬಿಟ್ಟು ಹೊರಗಿನ ಕನ್ಯೆ ತಂದೆವು, ಇನ್ನು ಚಿಂತೆ ಇಲ್ಲ ಅನ್ನುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ನೂರಾರು ವರ್ಷ ಒಂದೇ ಸಮುದಾಯದೊಳಗೆ ಕೊಟ್ಟು ತಂದು ಮಾಡಿದಾಗ, ಹೆಸರಿಗೆ ಸಂಬಂಧ ಇಲ್ಲದಿದ್ದರೂ ಹಳೆಯ ಒಬ್ಬ ಹಿರಿಯನ ಜೀನ್ ಇಬ್ಬರಲ್ಲೂ ಇರಬಹುದು. ಜೀವಕೋಶ, ಜೀನ್‌ಗಳ ಸಂಶೋಧನೆ ಮಾಡುವ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿ ಕೆ. ತಂಗರಾಜ್ ಮತ್ತು ಜೊತೆಯವರು 2017ರಲ್ಲಿ ಇದನ್ನೇ ತೋರಿಸಿದರು. ದಕ್ಷಿಣ ಏಷ್ಯಾದ ಎಷ್ಟೋ ಸಮುದಾಯಗಳಲ್ಲಿ ಇಂಥ ಒಳಮದುವೆಯ ಗುರುತು ಜೀನ್‌ಗಳಲ್ಲೇ ಉಳಿದಿದೆ. ಹಾಗಾಗಿ ಸಂಬಂಧ ಇರಲಿ, ಬಿಡಲಿ, ಪರೀಕ್ಷೆ ಮಾಡಿಸಿ.

ಮೂರನೇ ಹೆಜ್ಜೆ: ಅಗ್ಗದ ರಕ್ತ ಪರೀಕ್ಷೆ, ಅದೂ ಮದುವೆಗೆ ಮುಂಚೆ

ನನ್ನ ಮಾತಿನಲ್ಲಿ ಒಂದೇ ಹೆಜ್ಜೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಬೀಟಾ ಥಲಸೇಮಿಯಾದ, ಅಂದರೆ ಇದೇ ಕಾಯಿಲೆಯ, ಕ್ಯಾರಿಯರ್‌ಗಳು. ಪ್ರತಿ ವರ್ಷ ಸುಮಾರು 10 ಸಾವಿರದಿಂದ 12 ಸಾವಿರ ಮಕ್ಕಳು ಥಲಸೇಮಿಯಾ ಮೇಜರ್ ಜೊತೆ ಹುಟ್ಟುತ್ತಾರೆ. ಇದನ್ನು ತಿಳಿಯಲು ಡಿಎನ್‌ಎ, ಅಂದರೆ ಜೀನ್‌ಗಳ ಬರಹ, ಓದಬೇಕಾಗಿಲ್ಲ.

ಮೊದಲು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ, ಮಾಡಿಸಿ. ಯಾವ ತಾಲೂಕಿನ ಲ್ಯಾಬಿನಲ್ಲೂ ಆಗುತ್ತದೆ. ಎಲ್ಲರೂ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಮಡಚಿಟ್ಟುಬಿಡುತ್ತಾರೆ. ಅದರ ಕೆಳಗಿನ ಸಾಲುಗಳನ್ನು ನೋಡಿ. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ. ಎಂಸಿಎಚ್ ಅಂದರೆ ಒಂದು ಕಣದಲ್ಲಿರುವ ಹಿಮೋಗ್ಲೋಬಿನ್. ಎಂಸಿವಿ 80ಕ್ಕಿಂತ ಕಡಿಮೆ, ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ ಎರಡು ಕಾರಣ ಇರಬಹುದು: ಕಬ್ಬಿಣಾಂಶದ ಕೊರತೆ, ಇಲ್ಲವೇ ಥಲಸೇಮಿಯಾ ಕ್ಯಾರಿಯರ್.

ನನ್ನದೇ ರಿಪೋರ್ಟ್ ಹೇಳುತ್ತೇನೆ. ಹಿಮೋಗ್ಲೋಬಿನ್ 12.1. ನೋಡಿದವರೆಲ್ಲ "ಸ್ವಲ್ಪ ಕಮ್ಮಿ, ಬೀಟ್‌ರೂಟ್ ತಿನ್ನು" ಅಂದರು. ಆದರೆ ಕೆಂಪುಕಣಗಳ ಎಣಿಕೆ, ಅಂದರೆ ಆರ್‌ಬಿಸಿ, 6.0 ಇತ್ತು. ಎಂಸಿವಿ 64. ಕಣಗಳು ಎಣಿಕೆಯಲ್ಲಿ ಜಾಸ್ತಿ, ಗಾತ್ರದಲ್ಲಿ ಚಿಕ್ಕವು. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ ನೋಡಿ. 64 ಭಾಗಿಸು 6, ಸುಮಾರು 10.7. ಇದು 13ಕ್ಕಿಂತ ಕಡಿಮೆ ಬಂದರೆ ಥಲಸೇಮಿಯಾ ಕಡೆ ಅನುಮಾನ ಪಡಬೇಕು. ಜಾಸ್ತಿ ಬಂದರೆ ಕಬ್ಬಿಣದ ಕೊರತೆ ಇರಬಹುದು. ಇದು ಸುಳಿವು ಮಾತ್ರ. ಖಾತ್ರಿ ಮಾಡಿಕೊಳ್ಳಲು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆ ಅಳೆಯುವ ಎಚ್‌ಪಿಎಲ್‌ಸಿ ಅನ್ನೋ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಎಚ್‌ಬಿಎ2 ಅಂತ ಒಂದು ಬಗೆಯ ಸಾಲು ಬರುತ್ತದೆ. ಅದು ನೂರಕ್ಕೆ 3.5ಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಕ್ಯಾರಿಯರ್ ಅಂತ ಅರ್ಥ. ನನ್ನದು 5.2. ಕೆಂಪುಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇದ್ದರೂ ಇದೇ ಪರೀಕ್ಷೆಯಲ್ಲಿ ಸಿಗುತ್ತದೆ.

ಇಲ್ಲಿ ಮೂರು ಎಚ್ಚರಿಕೆ. ಕಬ್ಬಿಣಾಂಶ ಬಹಳ ಕಡಿಮೆ ಇದ್ದರೆ ಎಚ್‌ಬಿಎ2 ಸುಳ್ಳಾಗಿ ಇಳಿದು ಕಾಣಬಹುದು. 3.5ರ ಆಚೀಚೆ ಬಂದವರು ಕಬ್ಬಿಣದ ಗುಳಿಗೆ ಮುಗಿಸಿ ಮತ್ತೆ ಮಾಡಿಸಬೇಕಾಗಬಹುದು, ಡಾಕ್ಟರನ್ನು ಕೇಳಿ. ಎರಡನೆಯದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರ ಪರೀಕ್ಷೆಯಲ್ಲಿ ಕೊಟ್ಟವರ ರಕ್ತವೂ ಬೆರೆತು ಲೆಕ್ಕ ತಪ್ಪುತ್ತದೆ. ಮಗುವಿಗೆ ಆಗಲೇ ರಕ್ತ ಹಾಕಿದ್ದರೆ ಮೊದಲು ಅಪ್ಪ ಅವ್ವನ ಪರೀಕ್ಷೆ ಮಾಡಿಸಿ. ಮೂರನೆಯದು, "ರಕ್ತ ಕಮ್ಮಿ" ಅಂದ ಕೂಡಲೇ ತಿಂಗಳುಗಟ್ಟಲೆ ಕಬ್ಬಿಣ ಕುಡಿಸಬೇಡಿ. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಏರದಿದ್ದರೆ ಕಾರಣ ಕೇಳಿ. ನಾವು ಕೇಳಲಿಲ್ಲ.

ಕ್ಯಾರಿಯರ್ ಅಂತ ಬಂದರೆ ಏನೂ ಮುಳುಗಿಹೋಗಲಿಲ್ಲ. ಅದು ಕಾಯಿಲೆ ಅಲ್ಲ. ಔಷಧ ಬೇಡ. ಹೊಲದ ಕೆಲಸ, ಹೆರಿಗೆ, ನೌಕರಿ ಎಲ್ಲ ಎಂದಿನಂತೆ. ನಾನು ಕ್ಯಾರಿಯರ್, ನನ್ನ ಹೆಂಡತಿಯ ಎಚ್‌ಬಿಎ2 2.6, ಅಂದರೆ ಅವಳು ಅಲ್ಲ. ನಮ್ಮ ಮಕ್ಕಳಲ್ಲಿ ಯಾರಿಗೂ ಥಲಸೇಮಿಯಾ ಮೇಜರ್ ಬರೋ ಚಿಂತೆ ಇಲ್ಲ. ಹೆಚ್ಚೆಂದರೆ ನನ್ನ ಹಾಗೆ ಕ್ಯಾರಿಯರ್ ಆಗುತ್ತಾರೆ. ಇಬ್ಬರೂ ಕ್ಯಾರಿಯರ್ ಆದಾಗ ಮಾತ್ರ ತೊಂದರೆ. ಹೀಗಾಗಿ ಕ್ಯಾರಿಯರ್ ಹುಡುಗಿಯನ್ನು ಬೇಡ ಅನ್ನೋದು ಬರೀ ಅನ್ಯಾಯ. ಆ ಮಾತು ಹುಡುಗಿಯ ಮೇಲೆಯೇ ಬರುತ್ತದೆ, ಹುಡುಗನ ರಿಪೋರ್ಟ್ ಯಾರೂ ಕೇಳೋದಿಲ್ಲ. ಬೀಗರ ಮಾತುಕತೆಗೆ ಕೂತಾಗ ಮೊದಲು ಹುಡುಗನ ರಿಪೋರ್ಟ್ ಮುಂದಿಡಿ.

ನಾಲ್ಕನೇ ಹೆಜ್ಜೆ: ಇಬ್ಬರೂ ಕ್ಯಾರಿಯರ್ ಆಗಿದ್ದು ಬಸಿರಾದರೆ

ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ, ಎರಡು ಪಾಲು ಕ್ಯಾರಿಯರ್, ಒಂದು ಪಾಲು ಏನೂ ಇಲ್ಲ. ಇದನ್ನು ಜನ ತಪ್ಪು ತಿಳಿಯುತ್ತಾರೆ. "ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರೋದಿಲ್ಲ" ಅಂತ ನಮ್ಮ ಮನೆಯಲ್ಲೂ ಒಬ್ಬರು ಅಂದರು. ಹಾಗಲ್ಲ. ಎರಡು ನಾಣ್ಯ ಚಿಮ್ಮಿ ಛಾಪಾ-ಕಾಟಾ ನೋಡಿದ ಹಾಗೆ. ಎರಡೂ ಕಾಟಾ ಬಿದ್ದರೆ ಕಾಯಿಲೆ. ಹೋದ ಸಲ ಏನು ಬಿದ್ದಿತ್ತು ಅನ್ನೋದು ಈ ಸಲದ ನಾಣ್ಯಕ್ಕೆ ಗೊತ್ತಿರೋದಿಲ್ಲ.

ಹಾಗಾಗಿ ದಿನಗಳ ಲೆಕ್ಕ ಮುಖ್ಯ. ಮುಟ್ಟು ನಿಂತು ಬಸಿರು ಅಂತ ಗೊತ್ತಾದ ವಾರವೇ ಹೆಂಡತಿಯ ರಕ್ತ ಪರೀಕ್ಷೆ ಆಗಬೇಕು. ಅವಳು ಕ್ಯಾರಿಯರ್ ಅಂತ ಬಂದರೆ ಅದೇ ವಾರ ಗಂಡನದು. ಕುಬಸದವರೆಗೆ, ಅಂದರೆ ಸೀಮಂತದವರೆಗೆ, ಕಾಯಬಾರದು. ಇಬ್ಬರೂ ಕ್ಯಾರಿಯರ್ ಆದರೆ, ಇಬ್ಬರ ಜೀನ್‌ನಲ್ಲಿ ತಪ್ಪು ಯಾವ ಜಾಗದಲ್ಲಿದೆ ಅಂತ ಡಿಎನ್‌ಎ ಪರೀಕ್ಷೆ ಮಾಡುತ್ತಾರೆ. ಆಮೇಲೆ ಮಗುವಿನ ಪರೀಕ್ಷೆ. ಸಾಮಾನ್ಯವಾಗಿ 10ರಿಂದ 13ನೇ ವಾರದ ನಡುವೆ ಮಾಸದ ಚೂರು ತೆಗೆದು ನೋಡುತ್ತಾರೆ, ಅದಕ್ಕೆ ಸಿವಿಎಸ್ ಅನ್ನುತ್ತಾರೆ. ಇಲ್ಲವೇ 15ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡುತ್ತಾರೆ. ಇದರಿಂದ ಗರ್ಭಪಾತ ಆಗುವ ಅಪಾಯ ಇದೆ, ಆದರೆ ಕೈಪಳಗಿದವರ ಹತ್ತಿರ ಅದು ಬಹಳ ಕಡಿಮೆ. ಜೀನ್ ಪರೀಕ್ಷೆಗೆ ವಾರಗಟ್ಟಲೆ ಹಿಡಿಯುತ್ತದೆ. ಬಸಿರಿಗೆ ಮೊದಲೇ ದಂಪತಿಯ ಡಿಎನ್‌ಎ ರಿಪೋರ್ಟ್ ಕೈಯಲ್ಲಿದ್ದರೆ ಅರ್ಧ ಓಡಾಟ ಉಳಿಯುತ್ತದೆ.

ಕಾನೂನು ಎರಡು ನೆನಪಿರಲಿ. 1994ರ ಕಾಯ್ದೆ ಪ್ರಕಾರ ಗರ್ಭದಲ್ಲಿನ ಮಗುವಿನ ಜೀನ್ ಪರೀಕ್ಷೆ ನೋಂದಣಿಯಾದ ಕೇಂದ್ರದಲ್ಲೇ ಆಗಬೇಕು. ಗಂಡೋ ಹೆಣ್ಣೋ ಅಂತ ಹೇಳೋದೂ ಅಪರಾಧ, ಕೇಳೋದೂ ಅಪರಾಧ. ಇನ್ನೊಂದು, 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆ. ಮಗುವಿಗೆ ಗಂಭೀರ ತೊಂದರೆ ಇದೆ ಅಂತ ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರದ ನಂತರವೂ ಗರ್ಭ ತೆಗೆಸಲು ಅವಕಾಶ ಇದೆ. ಬಸಿರು ಮುಂದುವರಿಸಬೇಕೋ ಬೇಡವೋ ಅನ್ನೋದು ಆ ತಾಯಿಯ ಮಾತು. ಅತ್ತೆ, ಓಣಿ, ಡಾಕ್ಟರು ಯಾರೂ ಒತ್ತಾಯ ಮಾಡುವಂತಿಲ್ಲ. ಎರಡು ದಾರಿಗೂ ಅವಳ ಜೊತೆ ನಿಲ್ಲಬೇಕು.

ಬುದ್ಧಿ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಬೇರೆ ಕಥೆ. ಅಲ್ಲಿ ಜೀನ್‌ಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್, 46ರ ಬದಲು 47 ಇರುತ್ತವೆ. ಬಹುಪಾಲು ಅದು ಮನೆತನದಿಂದ ಬಂದದ್ದಲ್ಲ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಹೆಚ್ಚುತ್ತದೆ, ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಹುಟ್ಟುತ್ತವೆ. ಮೂರು ತಿಂಗಳ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಎಲ್ಲರೂ ಮಾಡಿಸಬೇಕು.

ಐದನೇ ಹೆಜ್ಜೆ: ಮಗು ಹುಟ್ಟಿದ ಮೂರು ದಿನದೊಳಗೆ

ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ಕಾಗದದ ಮೇಲೆ ತೆಗೆಯುತ್ತಾರೆ. ಥೈರಾಯ್ಡ್ ಕೊರತೆ ಇದ್ದರೆ ಆಗಲೇ ಗೊತ್ತಾಗುತ್ತದೆ. ಮೊದಲ ವಾರಗಳಲ್ಲೇ ಗುಳಿಗೆ ಶುರುವಾದರೆ ಮಗುವಿನ ಬುದ್ಧಿ ಚೆನ್ನಾಗಿ ಬೆಳೆಯುತ್ತದೆ. ತಡವಾದರೆ ಹೋದದ್ದು ಮರಳಿ ಬರೋದಿಲ್ಲ. ಕಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ನೋವಿಲ್ಲ, ಮಲಗಿದ ಮಗುವಿಗೇ ಮಾಡುತ್ತಾರೆ. ಸಂಬಂಧದ ಮದುವೆಯಾದವರಂತೂ ಇದನ್ನು ಬಿಡಲೇಬಾರದು. ದವಾಖಾನೆಯವರು ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಒಂದು ಚಿಕ್ಕ ವಿಷಯ. ಕೆಂಪುಕಣಗಳನ್ನು ಕಾಯುವ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಕೆಲವು ಮಕ್ಕಳಲ್ಲಿರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಇಂಥ ಮಗುವಿಗೆ ಡಾಂಬರ ಗುಳಿಗೆಯ ವಾಸನೆ ಸೋಕಿದರೂ ರಕ್ತಕಣ ಒಡೆದು ಕಾಮಾಲೆ ಆಗಬಹುದು. ನಮ್ಮಲ್ಲಿ ಏನು ಮಾಡುತ್ತೇವೆ? ಟ್ರಂಕಿನಲ್ಲಿ ಡಾಂಬರ ಗುಳಿಗೆ ಹಾಕಿಟ್ಟ ಹಳೆ ಕೌದಿ, ಕುಂಚಿಗೆ ತೆಗೆದು ಸೀದಾ ಬಾಣಂತಿ ಕೋಣೆಗೆ ಒಯ್ಯುತ್ತೇವೆ. ಯಾವ ಕೂಸಿಗೂ ಅದು ಬೇಡ. ಬಟ್ಟೆಯನ್ನು ಒಗೆದು, ಎರಡು ದಿನ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನ ಜೊತೆ ಗಂಟು ಕಟ್ಟಿಟ್ಟರೆ ಸಾಕು. ಮಲೇರಿಯಾದ ಪ್ರೈಮಾಕ್ವಿನ್ ಗುಳಿಗೆ ಕೊಡುವ ಮೊದಲೂ ಈ ಕೊರತೆ ಇದೆಯೋ ಅಂತ ಡಾಕ್ಟರು ನೋಡಬೇಕಾಗುತ್ತದೆ.

ಆರನೇ ಹೆಜ್ಜೆ: ದೊಡ್ಡ ಜೀನ್ ಪರೀಕ್ಷೆಗೆ ಹೋಗುವ ಮೊದಲು

ಮನುಷ್ಯನ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಬರಹ. ಅದನ್ನು ಓದಲು 1990ರಲ್ಲಿ ಶುರುವಾದ ಹ್ಯೂಮನ್ ಜೀನೋಮ್ ಪ್ರಾಜೆಕ್ಟ್ 2003ರಲ್ಲಿ ಮುಗಿಯಿತು. ಉಳಿದಿದ್ದ ಸಂದಿಗಳನ್ನು 2022ರಲ್ಲಿ ತುಂಬಿದರು. ಈಗ ಅದೇ ಕೆಲಸವನ್ನು ಲ್ಯಾಬುಗಳು ಕೆಲವೇ ವಾರಗಳಲ್ಲಿ ಮಾಡಿಕೊಡುತ್ತವೆ, ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಆದರೆ ಓದುವುದೇ ಬೇರೆ, ಅರ್ಥ ತಿಳಿಯುವುದೇ ಬೇರೆ.

ಮೊದಲು ನಿಮ್ಮ ಮನೆತನದ ಹಾಳೆ ಹಿಡಿದು ಮೆಡಿಕಲ್ ಕಾಲೇಜಿನ ದವಾಖಾನೆಗೆ ಹೋಗಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಮೆಡಿಕಲ್ ಕಾಲೇಜುಗಳಿವೆ. ಮಕ್ಕಳದಾದರೆ ಮಕ್ಕಳ ವಿಭಾಗ, ಬಸುರಿಯಾದರೆ ಸ್ತ್ರೀರೋಗ ವಿಭಾಗ. ಅಲ್ಲಿ ಜೆನೆಟಿಕ್ ಕೌನ್ಸೆಲಿಂಗ್, ಅಂದರೆ ಜೀನ್ ಕಾಯಿಲೆಗಳ ಬಗ್ಗೆ ಸಲಹೆ, ಎಲ್ಲಿ ಆಗುತ್ತದೆ ಅಂತ ಕೇಳಿ. ಅಪರೂಪದ ಕಾಯಿಲೆ ಅನಿಸಿದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೆ ಕಳಿಸಬಹುದು. 18 ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ಆರ್‌ಬಿಎಸ್‌ಕೆ ತಪಾಸಣೆ ಇದೆ, ಶಾಲೆ ಅಂಗನವಾಡಿಗೆ ಬರುವ ತಂಡವನ್ನು ವಿಚಾರಿಸಿ.

ಪರೀಕ್ಷೆ ಮಾಡಿಸುವುದಾದರೆ ಮೊದಲು ಕಾಯಿಲೆ ಇರುವವರದೇ ಮಾಡಿಸಿ. ಅವರಲ್ಲಿ ತಪ್ಪು ಸಿಕ್ಕರೆ ಉಳಿದವರಲ್ಲಿ ಅದೊಂದೇ ಜಾಗ ನೋಡಿದರೆ ಸಾಕು, ಖರ್ಚು ಬಹಳ ಇಳಿಯುತ್ತದೆ. ರಿಪೋರ್ಟ್‌ನಲ್ಲಿ ಮೂರು ತರಹದ ಉತ್ತರ ಬರುತ್ತದೆ. ಕಾಯಿಲೆ ತರುವ ತಪ್ಪು ಸಿಕ್ಕಿದೆ ಅನ್ನೋದು ಒಂದು. ಏನೂ ಸಿಗಲಿಲ್ಲ ಅನ್ನೋದು ಇನ್ನೊಂದು. ಏನೂ ಸಿಗಲಿಲ್ಲ ಅಂದರೆ ಏನೂ ಇಲ್ಲ ಅಂತಲ್ಲ, ಹುಡುಕಿದ ಕಡೆ ಸಿಗಲಿಲ್ಲ ಅಷ್ಟೇ. ಮೂರನೆಯದು ವಿಯುಎಸ್. ಬದಲಾವಣೆ ಇದೆ, ಆದರೆ ಅದು ಕೆಟ್ಟದ್ದೋ ಸುಮ್ನೆ ಇರೋದೋ ಇನ್ನೂ ಗೊತ್ತಿಲ್ಲ ಅಂತ ಅರ್ಥ. ವಿಯುಎಸ್ ನೋಡಿ ಮದುವೆ ಮುರಿಯಬೇಡಿ, ಗರ್ಭ ತೆಗೆಸಬೇಡಿ. ಒಂದೆರಡು ವರ್ಷ ಬಿಟ್ಟು ಡಾಕ್ಟರನ್ನು ಮತ್ತೆ ಕೇಳಿ.

ನಮ್ಮವರ ರಿಪೋರ್ಟ್‌ನಲ್ಲಿ ವಿಯುಎಸ್ ಜಾಸ್ತಿ ಬರಲು ಕಾರಣ ಇದೆ. ಇಷ್ಟು ದಿನ ಹೋಲಿಸಿ ನೋಡಲು ಇದ್ದದ್ದು ಹೆಚ್ಚಾಗಿ ಯುರೋಪ್ ಮೂಲದವರ ಜೀನ್ ಮಾಹಿತಿ. ಇದನ್ನು ಸರಿಮಾಡಲು 2020ರಲ್ಲಿ ಶುರುವಾದದ್ದೇ ಜೀನೋಮ್ ಇಂಡಿಯಾ ಯೋಜನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಇದರ ಮುಂದಾಳತ್ವ ವಹಿಸಿತ್ತು. ಸುಮಾರು 10 ಸಾವಿರ ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ನಮ್ಮ ಜನರ ಮಾಹಿತಿ ಹೆಚ್ಚಿದಂತೆ ನಮ್ಮ ಪ್ರಶ್ನೆ ಗುರುತುಗಳು ಕಡಿಮೆಯಾಗುತ್ತವೆ.

ಉಗುಳು ಕಳಿಸಿ ಮನೆಗೇ ರಿಪೋರ್ಟ್ ತರಿಸುವ ಕಿಟ್‌ಗಳ ಜಾಹೀರಾತು ನೋಡಿರುತ್ತೀರಿ. ಯಾವ ಎಣ್ಣೆ ತಿನ್ನಬೇಕು, ಮಗು ಯಾವ ಆಟದಲ್ಲಿ ಮುಂದೆ ಬರುತ್ತದೆ ಅಂತೆಲ್ಲ ಹೇಳುತ್ತವೆ. ಕಾಯಿಲೆಯ ವಿಷಯಕ್ಕೆ ಅದನ್ನು ನೆಚ್ಚಬೇಡಿ ಅನ್ನೋದು ನನ್ನ ಮಾತು. ಆ ದುಡ್ಡಿಗೆ ಮನೆಮಂದಿಗೆಲ್ಲ ಸಿಬಿಸಿ ಆಗುತ್ತದೆ.

ಏಳನೇ ಹೆಜ್ಜೆ: ದೊಡ್ಡವರ ಕಾಯಿಲೆಗಳು

ಎದೆಯ ಕ್ಯಾನ್ಸರ್‌ನಲ್ಲಿ ನೂರಕ್ಕೆ 5ರಿಂದ 10 ಮಾತ್ರ ಮನೆತನದಿಂದ ಬರುತ್ತವೆ. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನೋ ಜೀನ್ ಕೆಟ್ಟಿದ್ದ ಹೆಣ್ಣುಮಗಳಿಗೆ 80 ವರ್ಷದೊಳಗೆ ಎದೆಯ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 70. ಅವ್ವ, ಅಕ್ಕ, ಚಿಗವ್ವ ಹೀಗೆ ಇಬ್ಬರು ಮೂವರಿಗೆ ಬಂದಿದ್ದರೆ, ಅಥವಾ ಒಬ್ಬರಿಗೇ ಚಿಕ್ಕ ವಯಸ್ಸಿಗೆ ಬಂದಿದ್ದರೆ ಡಾಕ್ಟರನ್ನು ಕೇಳಿ. ಅಪ್ಪನ ಕಡೆಯ ಅತ್ತೆಯಂದಿರನ್ನೂ ಲೆಕ್ಕಕ್ಕೆ ಹಿಡಿಯಿರಿ, ಈ ಜೀನ್ ಗಂಡಸರ ಮೂಲಕವೂ ಬರುತ್ತದೆ. ಗೊತ್ತಾದರೆ ಬೇಗನೇ, ಮತ್ತೆ ಮತ್ತೆ ತಪಾಸಣೆ ಮಾಡಿಸಬಹುದು.

ಹೃದಯದ್ದೂ ಒಂದಿದೆ. ಎಂವೈಬಿಪಿಸಿ3 ಅನ್ನೋ ಜೀನ್‌ನ 25 ಅಕ್ಷರ ಬಿಟ್ಟುಹೋಗಿರುವುದು ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿದೆ ಅಂತ 2009ರಲ್ಲಿ ಪ್ರಕಟವಾಯಿತು. ವಯಸ್ಸಾದಂತೆ ಹೃದಯದ ಸ್ನಾಯು ಸೋಲುವ ಅಪಾಯ ಅವರಿಗೆ ಜಾಸ್ತಿ, ಆದರೆ ಎಲ್ಲರಿಗೂ ಆಗೋದಿಲ್ಲ. ಚಿಕ್ಕ ವಯಸ್ಸಿಗೇ ಹೃದಯ ಸೋತು ಹೋದವರು ಮನೆಯಲ್ಲಿದ್ದರೆ ಉಳಿದವರು ಇಸಿಜಿ, ಎಕೋ ಮಾಡಿಸಿಕೊಳ್ಳಿ.

ಸಕ್ಕರೆ ಕಾಯಿಲೆ, ಬಿಪಿ ನೂರಾರು ಜೀನ್‌ಗಳ ಕೂಟ. ಒಂದೊಂದರ ಪಾಲು ಚಿಕ್ಕದು. ಇಲ್ಲಿ ಜೀನ್ ಪರೀಕ್ಷೆ ಬೇಡವೇ ಬೇಡ. ದರ್ಜಿಯ ಟೇಪು ತನ್ನಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದು, ಅಪ್ಪ ಅವ್ವನಿಗೆ ಸಕ್ಕರೆ ಇದ್ದರೆ 30 ವರ್ಷದಿಂದಲೇ ರಕ್ತ ನೋಡಿಸಿ.

ಎಂಟನೇ ಹೆಜ್ಜೆ: ಮನೆಯಲ್ಲಿ ಆಗಲೇ ಕಾಯಿಲೆ ಇದ್ದರೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವಿಕಲತೆಗಳ ಪಟ್ಟಿಯಲ್ಲಿ ಥಲಸೇಮಿಯಾ, ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾ, ಸಿಕಲ್ ಸೆಲ್ ಸೇರಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಈ ಮಕ್ಕಳಿಗೆ ರಕ್ತ ಉಚಿತವಾಗಿ ಕೊಡಬೇಕು ಅಂತ ನಿಯಮ ಇದೆ, ಬ್ಲಡ್ ಬ್ಯಾಂಕಿನಲ್ಲಿ ಕಾಗದ ತೋರಿಸಿ ಕೇಳಿ. ಮೇಲಿಂದ ಮೇಲೆ ರಕ್ತ ಹಾಕಿದ್ದರಿಂದ ಮೈಯಲ್ಲಿ ಕಬ್ಬಿಣ ಸೇರುತ್ತದೆ. ಅದನ್ನು ಹೊರಹಾಕುವ ಗುಳಿಗೆ ತಪ್ಪಿಸಬಾರದು. ರಕ್ತ ತಯಾರಾಗುವ ಎಲುಬಿನೊಳಗಿನ ಮಜ್ಜೆಯ ಕಸಿಗೆ (ಅಸ್ಥಿಮಜ್ಜೆ ಕಸಿ) ಥಲಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಇದೆ. ಒಡಹುಟ್ಟಿದವರ ಅಂಗಾಂಶ ಹೊಂದಿದರೆ ಒಳ್ಳೆಯದು, ಚಿಕ್ಕ ವಯಸ್ಸಿನಲ್ಲೇ ವಿಚಾರಿಸಬೇಕು. ಬೇರೆ ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ ನಿಗದಿತ ಕೇಂದ್ರಗಳ ಮೂಲಕ 50 ಲಕ್ಷದವರೆಗೆ ನೆರವು ಸಿಗಬಹುದು.

ಕೊನೆಗೆ: ಬಳಗಕ್ಕೆ ಹೇಳಿ

ಜೀನ್ ರಿಪೋರ್ಟ್ ಒಬ್ಬರದಲ್ಲ. ನೀವು ಕ್ಯಾರಿಯರ್ ಆದರೆ ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಪ್ರತಿಯೊಬ್ಬರೂ ಕ್ಯಾರಿಯರ್ ಆಗಿರುವ ಸಾಧ್ಯತೆ ಕಡಿಮೆ ಅಂದರೂ ಅರ್ಧಕ್ಕರ್ಧ. ಹೇಳೋದು ಸುಲಭ ಅಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೇ ಫೋನ್ ಮಾಡಿ. "ನಿನ್ನಲ್ಲಿ ದೋಷ ಇದೆ" ಅನ್ನಬೇಡಿ. "ನನ್ನ ರಿಪೋರ್ಟ್ ಹೀಗೆ ಬಂದಿದೆ, ನೀನೂ ಒಂದು ಸಲ ನೋಡಿಸಿಕೋ" ಅನ್ನಿ.

ನಾನು ಅವ್ವನ ಕಡೆಯ ಹನ್ನೆರಡು ಮನೆಗಳಿಗೆ ಫೋನ್ ಮಾಡಿದೆ. ಕೆಲವರು ಮಾತು ಬದಲಿಸಿದರು. ಒಬ್ಬರು ಆ ದಿನದಿಂದ ನಮ್ಮ ಮನೆಗೆ ಬಂದಿಲ್ಲ. ಅಥಣಿಯಲ್ಲಿರುವ ದೊಡ್ಡವ್ವನ ಮಗ ಮಾತ್ರ ಮರುದಿನವೇ ಸಿಬಿಸಿ ಮಾಡಿಸಿ ಫೋಟೋ ಕಳಿಸಿದ. ಎಂಸಿವಿ 66, ಎಚ್‌ಪಿಎಲ್‌ಸಿಯಲ್ಲಿ ಕ್ಯಾರಿಯರ್. ಆಗ ಅವನ ಹೆಂಡತಿಗೆ ಒಂಬತ್ತು ವಾರ. ಅವಳ ರಿಪೋರ್ಟ್ ಬರುವವರೆಗೆ ನಾಲ್ಕು ದಿನ ಇಬ್ಬರೂ ನಿದ್ದೆ ಮಾಡಲಿಲ್ಲ. ಐದನೇ ದಿನ ಸಂಜೆ ಫೋನ್ ಬಂತು: "ಅಣ್ಣಾ, ಆಕಿದು ಎರಡು ಪಾಯಿಂಟ್ ಎಂಟು ಬಂದೈತಿ, ನಾರ್ಮಲ್ ಅಂತ." ಅವರ ಮಗಳು ಈ ವರ್ಷ ಅಂಗನವಾಡಿಗೆ ಸೇರಿದ್ದಾಳೆ.